ಮೆನುವಿನ ಅಡಿಯಲ್ಲಿ ಹನ್ನೊಂದು ಜನ

ಅಜ್ಜಂಪುರದ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ಪ್ರಿಯಾಂಕಾಳ ಅಂಗಡಿ. ಬೋರ್ಡಿನ ಮೇಲೆ ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ಎಂದು ಮೂರೇ ಮಾತು ಬರೆಸಿದ್ದರೂ ಒಳಗೆ ನಡೆಯುವುದು ಮೂವತ್ತು ಬಗೆಯ ಕೆಲಸ. ಪಹಣಿ ತೆಗೆಸಲು ಬಂದವರು ಮಗಳ ಹಾಲ್ ಟಿಕೆಟ್ಟನ್ನೂ ತೆಗೆಸಿಕೊಂಡು, ಹೋಗುವ ಮುಂಚೆ ಫೋನಿನಲ್ಲಿ ಅಕ್ಷರ ದಪ್ಪ ಮಾಡಿಸಿಕೊಂಡು ಹೋಗುತ್ತಾರೆ. ಯಾರಿಗೂ ಇಲ್ಲ ಎನ್ನುವ ಅಭ್ಯಾಸ ಅವಳಿಗಿಲ್ಲ.

ಪಂಚನಹಳ್ಳಿಯ ರೈತರ ಮನೆಯ ಹುಡುಗಿ. ಕಡೂರಿನಲ್ಲಿ ಬಿ.ಕಾಂ. ಓದುವಾಗ ಊರಿನ ಬಸ್ಸು ಸಂಜೆ ಐದೂವರೆಗೆ ಇದ್ದದ್ದರಿಂದ, ಕಾಲೇಜು ಬಿಟ್ಟ ಮೇಲೆ ಎರಡು ಗಂಟೆ ಕಳೆಯಲಿಕ್ಕೆಂದು ಒಂದು ಕಂಪ್ಯೂಟರ್ ತರಗತಿಗೆ ಸೇರಿದ್ದಳು. ಅಲ್ಲಿ ವೆಬ್ ಪುಟ ಮಾಡುವುದನ್ನು ಹೇಳಿಕೊಡುತ್ತಿದ್ದ ಓಂಕಾರೇಶ್ ಮೇಷ್ಟ್ರು, “ಪುಟದಲ್ಲಿ ಏನೇನು ಇರ್ಬೇಕು ಅನ್ನೋದು ಎಚ್‌ಟಿಎಂಎಲ್. ಯಾವ್ದು ಎಲ್ಲಿ ಕೂರ್ಬೇಕು ಅನ್ನೋದು ಸಿಎಸ್‌ಎಸ್. ಬರೆಯೋದು ಸುಲಭ ಕಣ್ರೀ, ಕೂರ್ಸೋದೇ ಕಷ್ಟ” ಅನ್ನುತ್ತಿದ್ದರು. ಉಳಿದ ಹುಡುಗಿಯರು ಪರೀಕ್ಷೆ ಬರೆದು ಸರ್ಟಿಫಿಕೇಟು ತೆಗೆದುಕೊಂಡು ಮರೆತರು. ಪ್ರಿಯಾಂಕಾಳಿಗೆ ಮಾತ್ರ ಈ ಕೂರಿಸುವ ಕೆಲಸ ಹಿಡಿಸಿಬಿಟ್ಟಿತು.

ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಮೇಲೆ ಅದನ್ನು ಬಳಸುವ ಸಂದರ್ಭ ತಾನಾಗಿ ಒದಗಿತು. ಒಂದು ಬೇಸಿಗೆಯಲ್ಲಿ ಅತ್ತೆ ಮನೆಯ ತೋಟದ ಮೋಟರ್ ಕೆಟ್ಟು ನಿಂತಿತು. ಗಂಡ ತಿಪ್ಪೇಶ ಲೈನ್‌ಮನ್. ಕಂಬ ಹತ್ತುತ್ತಾನೆ, ಮೋಟರ್ ಬಿಚ್ಚಲು ಬಾರದು. ರಿಪೇರಿಯವನ ನಂಬರು ಹುಡುಕಿಕೊಂಡು ಅವನು ಐದು ಅಂಗಡಿ ತಿರುಗಿದ. ಆರನೆಯ ಅಂಗಡಿಯಲ್ಲಿ ಸಿಕ್ಕಿದ ನಂಬರು ತೀರಿಹೋದವನದು. ಅವತ್ತೇ ಪ್ರಿಯಾಂಕಾ ‘ಕರೆದರೆ ಬರುವವರು’ ಎಂಬ ಪುಟ ಶುರುಮಾಡಿದಳು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ ಕೈಕೆಲಸ ಬಲ್ಲವರ ಹೆಸರು, ಫೋಟೋ, ಫೋನ್ ನಂಬರು. ಮೋಟರ್ ರಿಪೇರಿ, ಗಾರೆ ಕೆಲಸ, ವೈರಿಂಗ್, ಕಾಯಿ ಕೀಳುವುದು, ಮಿಕ್ಸಿ-ಗ್ರೈಂಡರ್ ಹೀಗೆ ಹನ್ನೊಂದು ವಿಭಾಗ. ಯಾರು ಮೊದಲು ಬಂದು ಹೆಸರು ಕೊಟ್ಟರೋ ಅವರದೇ ಮೊದಲ ಹೆಸರು. ಪುಟದ ತಲೆಯ ಮೇಲೆ ಹನ್ನೊಂದೂ ವಿಭಾಗಗಳ ಮೆನು. ಬೇಕಾದ್ದನ್ನು ಮುಟ್ಟಿದರೆ ಪುಟ ನೇರ ಅಲ್ಲಿಗೆ ಹೋಗುತ್ತದೆ.

ಪುಟ ಜನಕ್ಕೆ ರೂಢಿಯಾಯಿತು. ಹೆಸರುಗಳು ಇನ್ನೂರು ದಾಟಿದಾಗ ತಿಪ್ಪೇಶನೇ ಒಂದು ದೂರು ತಂದ.

“ಕೆಳಗೆ ಹೋದ್ಮೇಲೆ ಮತ್ತೆ ಮೆನು ಬೇಕು ಅಂದ್ರೆ ಮೇಲಕ್ಕೆ ಉಜ್ಜಿ ಉಜ್ಜಿ ಹೆಬ್ಬೆಟ್ಟು ಸವೆದೋಗ್ತದೆ ಕಣೇ.”

ಸರಿಯಾದ ಮಾತು ಅನ್ನಿಸಿತು. ‘ಪೊಸಿಷನ್ ಫಿಕ್ಸೆಡ್’ ಎಂದು ಒಂದು ಸಾಲು ಬರೆದಳು. ಮೆನು ಪರದೆಯ ಮೇಲ್ತುದಿಗೆ ಅಂಟಿಕೊಂಡಿತು. ಪುಟ ಎಷ್ಟು ಓಡಿದರೂ ಅದು ಅಲುಗುವುದಿಲ್ಲ. ಪುಟದ ಹೆಸರು ಅದರ ಅಡಿಗೆ ಸೇರಿಕೊಂಡಿದ್ದನ್ನು ಕಂಡು, ಎಲ್ಲವನ್ನೂ ಅರವತ್ತು ಪಿಕ್ಸೆಲ್ ಕೆಳಕ್ಕೆ ತಳ್ಳಿದಳು. ಚೆನ್ನಾಗಿ ಕಂಡಿತು. ಅವತ್ತು ಮನೆಯಲ್ಲಿ ಕೇಸರಿಬಾತ್ ಮಾಡಿದಳು.

ಮೂರು ವಾರದ ಮೇಲೆ ಪಂಚನಹಳ್ಳಿಯಿಂದ ಮುದ್ದಪ್ಪ ಬಂದ. ಐವತ್ತರ ಆಸುಪಾಸು, ಮೂವತ್ತು ವರ್ಷದಿಂದ ತೆಂಗಿನ ಮರ ಹತ್ತಿ ಕಾಯಿ ಕೀಳುವವನು, ಪ್ರಿಯಾಂಕಾಳ ತವರಿನ ಬೀದಿಯವನೇ. ಎರಡು ಬಸ್ಸು ಬದಲಾಯಿಸಿ ಬಂದಿದ್ದ. ಮುಖ ಊದಿಸಿಕೊಂಡಿದ್ದ.

“ನನ್ ಹೆಸ್ರು ಯಾಕವ್ವಾ ತೆಗ್ದೆ?”

“ಯಾರು ತೆಗ್ದಿದ್ದು ಮುದ್ದಪ್ಪಣ್ಣ? ನಿಮ್ದೇ ಮೊದಲ್ನೇ ಹೆಸ್ರು. ನೋಡಿ ಬನ್ನಿ.”

ಕಂಪ್ಯೂಟರಿನಲ್ಲಿ ಪುಟ ತೆರೆದು ತೋರಿಸಿದಳು. ಕಾಯಿ ಕೀಳುವವರಲ್ಲಿ ಮೊದಲನೆಯದು ಮುದ್ದಪ್ಪ, ಅವನ ಕೆಳಗೆ ಕಡೂರಿನ ಹೊನ್ನೇಶ್. ಮುದ್ದಪ್ಪ ಒಪ್ಪಲಿಲ್ಲ. ಜೇಬಿನಿಂದ ತನ್ನ ಫೋನು ತೆಗೆದು ಅವಳ ಮುಂದೆ ಹಿಡಿದ.

“ನಿನ್ ಟಿವೀಲಿ ಇರ್ಬೋದು. ಜನ್ರ ಕೈಲಿರೋದು ಇದು. ಇದ್ರಾಗೆ ತೋರ್ಸು ನನ್ನ.”

ಅವಳು ಅವನ ಫೋನಿನಲ್ಲಿ ‘ಕಾಯಿ ಕೀಳುವವರು’ ಎಂಬುದನ್ನು ಮುಟ್ಟಿದಳು. ಪುಟ ಸರ್ರನೆ ಓಡಿ ನಿಂತಿತು. ಮೇಲೆ ಮೆನು. ಅದರ ಕೆಳಗೆ ಹೊನ್ನೇಶ್ ನಗುತ್ತಿದ್ದ. ಮುದ್ದಪ್ಪ ಇರಲಿಲ್ಲ.

“ಕಂಡ್ಯಾ? ಅವ್ನಿಗೆ ಹಗ್ಗ ಹಿಡಿಯೋದು ಹೇಳ್ಕೊಟ್ಟವ್ನು ನಾನು. ಈಗ ನನ್ನೇ ಒಳಗಿಂದ ತೆಗ್ಸವ್ನೆ. ಹದ್ನೈದು ದಿನ ಆಯ್ತು ಮಾತು ಬಿಟ್ಟು.”

ಪ್ರಿಯಾಂಕಾ ಪರದೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆಳೆದಳು. ಮೆನುವಿನ ಅಡಿಯಿಂದ ಮುದ್ದಪ್ಪನ ತಲೆಯ ಟವೆಲ್ಲು, ಹಣೆ, ಮೀಸೆ ಒಂದೊಂದಾಗಿ ಹೊರಬಂದವು. ಅವಳಿಗೆ ನಗು ಉಕ್ಕಿಬಂತು; ಮುದ್ದಪ್ಪನ ಮುಖ ನೋಡಿ ನುಂಗಿಕೊಂಡಳು.

ಆಗಿದ್ದು ಇಷ್ಟು. ಮೆನುವಿನಲ್ಲಿ ಒಂದು ವಿಭಾಗ ಮುಟ್ಟಿದರೆ ಬ್ರೌಸರ್ ಆ ವಿಭಾಗದ ತಲೆಯನ್ನು ಪರದೆಯ ಮೇಲ್ತುದಿಗೆ ತಂದು ನಿಲ್ಲಿಸುತ್ತದೆ. ಅಲ್ಲಿ ಮೊದಲೇ ಒಂದು ಮೆನು ಕಾಲು ಚಾಚಿ ಕೂತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಮೆನು ಒಂದೇ ಸಾಲು, ಹಾಗಾಗಿ ವಿಭಾಗದ ಹೆಸರಷ್ಟೇ ಮುಚ್ಚಿಹೋಗಿತ್ತು, ಅವಳು ಗಮನಿಸಿರಲಿಲ್ಲ. ಫೋನಿನಲ್ಲಿ ಕನ್ನಡದ ಉದ್ದುದ್ದ ಪದಗಳು ಮೂರು ಸಾಲಾಗುತ್ತವೆ. ಮುದ್ದಪ್ಪನಂತೆ ಅಕ್ಷರ ದಪ್ಪ ಮಾಡಿಸಿಕೊಂಡವರ ಫೋನಿನಲ್ಲಿ ಐದು ಸಾಲು. ಮೊದಲ ಹೆಸರು ಫೋಟೋ ಸಮೇತ ಅದರಡಿಗೆ ಹೋಗುತ್ತಿತ್ತು.

ಅವಳು ಹೊನ್ನೇಶನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಆ ಕಡೆಯಿಂದ ಏದುಸಿರು.

“ಅಕ್ಕಾ, ಮುದ್ದಪ್ಪಣ್ಣಂಗೆ ಹುಷಾರಿಲ್ವಾ? ಅಷ್ಟೂ ಫೋನು ನನ್ಗೇ ಬತ್ತಾ ಐತೆ. ನಾನೇನು ಕೋತಿನಾ ಇಷ್ಟು ಮರ ಹತ್ತಕ್ಕೆ? ಕಾಲು ಬಿದ್ದೋಗೈತೆ. ಅಣ್ಣಂಗೆ ಫೋನ್ ಮಾಡಿದ್ರೆ ತೆಗೀತಿಲ್ಲ.”

ಮುದ್ದಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತ. “ನಾಳೆ ಬತ್ತೀನಿ ಅಂತ ಹೇಳವ್ವಾ ಅವ್ನಿಗೆ” ಎಂದ.

“ನೀವೇ ಹೇಳಿ. ಕೇಳಿಸ್ತದೆ.”

“ಬತ್ತೀನಿ ಕಣ್ಲಾ” ಎಂದು ಫೋನಿನ ಕಡೆ ಕೂಗಿ ಎದ್ದ ಮುದ್ದಪ್ಪ, ಹೊರಡುವಾಗ ಒಂದು ಸುಲಭದ ದಾರಿಯನ್ನೂ ಸೂಚಿಸಿದ. “ತಲೆ ಕೆಡಿಸ್ಕೋಬ್ಯಾಡ. ನನ್ನ ಎರಡನೇಯವ್ನು ಮಾಡ್ಬಿಡು, ಮುಗೀತು.”

ಅದನ್ನು ಕೇಳಿದ ಮೇಲೆ ಪ್ರಿಯಾಂಕಾಳ ನಗು ನಿಂತಿತು. ಮೊದಲನೆಯವನು ಬೇರೆ ಯಾರೇ ಆದರೂ ಅವನು ಮರೆಯಾಗುತ್ತಾನೆ. ಉಳಿದ ಹತ್ತು ವಿಭಾಗಗಳ ಮೊದಲಿಗರು? ಅವರೆಲ್ಲ ಮೂರು ವಾರದಿಂದ ಎಲ್ಲಿದ್ದರು?

ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಗಾರೆಯವರಿಗೆ ಗೊತ್ತೇ ಆಗಿರಲಿಲ್ಲ, ಅವರ ಕೈತುಂಬ ಕೆಲಸ. ಟ್ರ್ಯಾಕ್ಟರಿನವರು ಸೀಸನ್ ಮುಗಿಯಿತು ಅಂದುಕೊಂಡಿದ್ದರು. ವೈರಿಂಗಿನ ಪ್ರಕಾಶ್, ಕರೆ ಬಾರದ್ದಕ್ಕೆ ಫೋಟೋವೇ ಕಾರಣವೆಂದು, ಹೊಸದು ತೆಗೆಸಿಕೊಳ್ಳಲು ಹೊರಟಿದ್ದ. ಕೊನೆಗೆ ಲಕ್ಕವಳ್ಳಿಯ ಹುಲಿಗೆಮ್ಮ. ಭದ್ರಾ ಅಣೆಕಟ್ಟಿನ ವರ್ಕ್‌ಶಾಪಿನಲ್ಲಿದ್ದ ಅಪ್ಪನಿಂದ ಮೋಟರ್ ಸುತ್ತುವುದನ್ನು ಕಲಿತು ಮಿಕ್ಸಿ-ಗ್ರೈಂಡರ್ ರಿಪೇರಿ ಮಾಡುವವಳು. ಇಡೀ ಪುಟದಲ್ಲಿ ರಿಪೇರಿ ಕೆಲಸದ ಹೆಂಗಸು ಅವಳೊಬ್ಬಳೇ.

“ನಾನೇ ನಿಮ್ಗೆ ಫೋನ್ ಮಾಡೋಣ ಅಂತಿದ್ದೆ” ಎಂದಳು ಹುಲಿಗೆಮ್ಮ. “ನನ್ ಹೆಸ್ರು, ಫೋಟೋ ತೆಗ್ದು ತಮ್ಮಂದು ಹಾಕ್ಬಿಡಿ. ನಂಬರು ಅದೇ ಇರ್ಲಿ.”

“ಯಾಕಕ್ಕ?”

“ಮೂರು ವಾರದಿಂದ ಒಬ್ರೂ ಕರೆದಿಲ್ಲ. ಹೆಂಗ್ಸು ಏನು ರಿಪೇರಿ ಮಾಡ್ತಾಳೆ ಅಂತ ಅನ್ಸಿರ್ತದೆ. ಅನ್ಸೋದೇ ಬಿಡಿ.”

ಆ ಕೊನೆಯ ಮಾತನ್ನು ಅವಳು ತೀರಾ ಸಲೀಸಾಗಿ ಹೇಳಿದಳು. “ಅಕ್ಕಾ, ಅದು ಹಂಗಲ್ಲ. ತಪ್ಪು ನಂದು. ಭಾನುವಾರದ ತನಕ ಟೈಮ್ ಕೊಡಿ, ನಾನೇ ಬತ್ತೀನಿ” ಎಂದಷ್ಟೇ ಹೇಳಿ ಪ್ರಿಯಾಂಕಾ ಫೋನ್ ಇಟ್ಟಳು.

ಮರುದಿನ ಬೆಳಗ್ಗೆ ಅಡುಗೆ ಮುಗಿಸಿ ಕೂತಳು. ತಿಪ್ಪೇಶನ ಫೋನು ಕಸಿದುಕೊಂಡು ಅಕ್ಷರಗಳನ್ನು ಎಷ್ಟು ದಪ್ಪ ಮಾಡಲು ಬರುತ್ತದೋ ಅಷ್ಟು ದಪ್ಪ ಮಾಡಿದಳು. ಮೊದಲು ಪ್ರತಿ ವಿಭಾಗದ ಮೇಲೂ ಖಾಲಿ ಜಾಗ ಬಿಟ್ಟು ನೋಡಿದಳು. ಫೋನಿನಲ್ಲಿ ಸರಿಯಾಯಿತು, ಕಂಪ್ಯೂಟರಿನಲ್ಲಿ ಕಿತ್ತುಹೋದ ಹಲ್ಲಿನ ಸಾಲಿನಂತೆ ಎಲ್ಲೆಲ್ಲೂ ಸಂದು. ಅದನ್ನು ಅಳಿಸಿದಳು. ಆಮೇಲೆ ‘ಸ್ಕ್ರೋಲ್ ಪ್ಯಾಡಿಂಗ್’ ಎಂಬುದೊಂದು ಸಿಕ್ಕಿತು: ಮೇಲಿನಿಂದ ಇಷ್ಟು ಜಾಗ ಬಿಟ್ಟು ನಿಲ್ಲು ಎಂದು ಬ್ರೌಸರಿಗೆ ಹೇಳುವ ಸಾಲು. ಎಷ್ಟು ಬಿಡಬೇಕು? ಅಕ್ಷರ ದಪ್ಪವಿದ್ದರೆ ಒಂದು ಅಳತೆ, ಸಣ್ಣವಿದ್ದರೆ ಇನ್ನೊಂದು. ಯಾವ ಸಂಖ್ಯೆ ಹಾಕಿದರೂ ಯಾರದೋ ಒಬ್ಬರ ಹಣೆ ಮುಚ್ಚುತ್ತಿತ್ತು. ಕೊನೆಗೆ ಸಂಖ್ಯೆ ಹಾಕುವುದನ್ನೇ ಬಿಟ್ಟಳು. ಮೆನುವಿನ ಎತ್ತರವನ್ನು ಪುಟವೇ ಅಳೆದುಕೊಂಡು ಅಷ್ಟೇ ಜಾಗ ಬಿಡುವಂತೆ ನಾಲ್ಕು ಸಾಲಿನ ಜಾವಾಸ್ಕ್ರಿಪ್ಟ್ ಸೇರಿಸಿದಳು. ‘ಕಾಯಿ ಕೀಳುವವರು’ ಮುಟ್ಟಿದರೆ ಮುದ್ದಪ್ಪ ಟವೆಲ್ಲಿನ ಸಮೇತ ಪೂರ್ತಿ ಬಂದ.

ಆದರೂ ಐದು ಸಾಲಿನ ಮೆನು ಪರದೆಯನ್ನೇ ನುಂಗುತ್ತಿತ್ತು. ಫೋನಿನಲ್ಲಿ ಅದನ್ನು ಮಡಚಿ ‘ಏನು ಕೆಲಸ?’ ಎಂಬ ಒಂದೇ ಬಟನ್ ಮಾಡಿದಳು. ಒತ್ತಿದರೆ ಹನ್ನೊಂದೂ ಕೆಳಗಿಳಿಯಬೇಕು. ಇಳಿದವೇನೋ ಹೌದು, ಆದರೆ ಫೋಟೋಗಳ ಹಿಂದೆ ಹೋಗಿ ನಿಂತವು. ಯಾವುದು ಯಾವುದರ ಮೇಲೆ ಬರಬೇಕೆಂದು ಹೇಳುವ ಅಂಕಿ ‘ಜೆಡ್-ಇಂಡೆಕ್ಸ್’; ಇಳಿದ ಮೆನುವಿಗೆ ಮೇಲೆ ಬಾ ಎಂದು ಅದನ್ನು ಹತ್ತು ಕೊಟ್ಟಳು, ನೂರು ಕೊಟ್ಟಳು, ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಕೊಟ್ಟಳು. ಅದು ಕದಲಲಿಲ್ಲ.

“ಲೇ, ಫೋನ್ ಕೊಡೇ. ಎಂಜಿನಿಯರ್ ಸಾಹೇಬ್ರು ಕರೀತಿರ್ತಾರೆ” ಎಂದು ತಿಪ್ಪೇಶ ಬಾಗಿಲಲ್ಲಿ ನಿಂತ.

“ಐದು ನಿಮಿಷ ಕಣ್ರೀ.”

“ಇದೇ ಮೂರನೇ ಐದು ನಿಮಿಷ.”

ಆಗ ಕಣ್ಣಿಗೆ ಬಿತ್ತು. ಇವತ್ತು ಕೆಲಸಕ್ಕೆ ಬಿಡುವಿರುವವರ ಫೋಟೋ ಮೇಲೆ ಹಸಿರು ಚುಕ್ಕಿ ಕೂರಿಸಲು ಹಿಂದೊಮ್ಮೆ ಫೋಟೋಗಳಿಗೆ ಇದೇ ಅಂಕಿ ಎರಡು ಕೊಟ್ಟಿದ್ದಳು. ಮೆನುವನ್ನು ಹೊತ್ತಿದ್ದ ಹೆಡರಿಗೆ, ಅಂದರೆ ಪುಟದ ತಲೆಪಟ್ಟಿಗೆ, ಕೊಟ್ಟಿದ್ದು ಒಂದು. ಹೆಡರೇ ಫೋಟೋಗಳಿಗಿಂತ ಕೆಳಗಿದ್ದಾಗ ಅದರೊಳಗಿನ ಮೆನು ಎಷ್ಟು ಸಾವಿರದ ಲೆಕ್ಕ ಹೇಳಿಕೊಂಡರೂ ಹೊರಗಿನವರು ಕಿವಿಗೊಡುವುದಿಲ್ಲ. ಹೆಡರಿಗೆ ಹತ್ತು ಕೊಟ್ಟಳು. ಮೆನು ಫೋಟೋಗಳ ಮೇಲೆ ಚಾಪೆ ಹಾಸಿದಂತೆ ನೀಟಾಗಿ ಬಿಚ್ಚಿಕೊಂಡಿತು.

ಖುಷಿಯಲ್ಲಿ ಅಕ್ಷರ ಸಣ್ಣ ಮಾಡುವುದನ್ನು ಮರೆತು ಫೋನು ಕೊಟ್ಟುಬಿಟ್ಟಳು. ತಿಪ್ಪೇಶ ಇಡೀ ದಿನ ಕಂಬಗಳ ಕೆಳಗೆ, ಗೋಡೆ ಬರಹದಂಥ ಮೆಸೇಜುಗಳನ್ನು ಊರಿಗೆಲ್ಲ ತೋರಿಸುತ್ತಾ ಓದಿಕೊಂಡ.

ಭಾನುವಾರ ತರೀಕೆರೆಯಲ್ಲಿ ಬಸ್ಸು ಬದಲಿಸಿ ಲಕ್ಕವಳ್ಳಿಯಲ್ಲಿ ಇಳಿದಳು. ಹುಲಿಗೆಮ್ಮನ ಮನೆಯ ಮುಂದಿನ ಜಗಲಿಯೇ ವರ್ಕ್‌ಶಾಪು. ತಂತಿಯ ಸುರುಳಿ, ಬಿಚ್ಚಿಟ್ಟ ಗ್ರೈಂಡರು, ಪಕ್ಕದಲ್ಲಿ ಗಾಜು ಸೀಳಿದ ಹಳೆಯ ಫೋನು. ಪ್ರಿಯಾಂಕಾ ಆ ಫೋನಿನಲ್ಲೇ ಪುಟ ತೆರೆದು, ಮೆನು ಇಳಿಸಿ ಅವಳ ಕೈಗೆ ಕೊಟ್ಟು, “ಮಿಕ್ಸಿ-ಗ್ರೈಂಡರ್ ಒತ್ತಿ” ಎಂದಳು. ಹುಲಿಗೆಮ್ಮ ಗ್ರೀಸು ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ಒತ್ತಿದಳು. ಮೊದಲ ಹೆಸರು, ಮೊದಲ ಫೋಟೋ ಅವಳದೇ.

“ಮೂರು ವಾರ ಇದು ಮೆನು ಕೆಳಗೆ ಸೇರ್ಕೊಂಡಿತ್ತು ಅಕ್ಕ. ಜನ ನಿಮ್ಮನ್ನ ನೋಡಿ ಬೇಡ ಅಂದಿಲ್ಲ. ಅವ್ರಿಗೆ ನೀವು ಕಂಡೇ ಇಲ್ಲ.”

ಹುಲಿಗೆಮ್ಮ ಫೋನನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು.

“ತಮ್ಮನ ಹೆಸ್ರು ಬೇಕಾದ್ರೆ...” ಎಂದು ಪ್ರಿಯಾಂಕಾ ಶುರುಮಾಡಿದಳು.

“ಅವ್ನಿಗೆ ಸ್ಕ್ರೂಡ್ರೈವರ್ ಹಿಡಿಯಕ್ಕೇ ಬರಲ್ಲ. ಬ್ಯಾಡ ಬಿಡ್ರಿ” ಎಂದು ಹುಲಿಗೆಮ್ಮ ನಕ್ಕಳು.

ಕಾಫಿ ಕುಡಿಯುತ್ತಿರುವಾಗ ತರೀಕೆರೆಯ ಒಂದು ಮೆಸ್ಸಿನವರು ಫೋನ್ ಮಾಡಿದರು. ಗ್ರೈಂಡರ್ ತಿರುಗುತ್ತಿಲ್ಲ, ಸಂಜೆ ವಡೆಗೆ ಹಿಟ್ಟಿಲ್ಲ. ಹುಲಿಗೆಮ್ಮ ಕುಳಿತಲ್ಲಿಂದಲೇ ನಾಲ್ಕು ಪ್ರಶ್ನೆ ಕೇಳಿ, “ಬೆಲ್ಟ್ ಹೋಗೈತೆ, ಮೋಟರ್ ಚೆನ್ನಾಗೈತೆ. ಎರಡು ಗಂಟೆ ಬಸ್ಸಿಗೆ ಬತ್ತೀನಿ” ಎಂದು ಹೇಳಿ, ಬ್ಯಾಗಿಗೆ ಸಾಮಾನು ತುಂಬತೊಡಗಿದಳು. ತುಂಬುತ್ತಲೇ ಫೋನನ್ನು ಗ್ರೈಂಡರಿಗೆ ಒರಗಿಸಿ ಅಡ್ಡ ಇಟ್ಟು, ಇನ್ನೊಮ್ಮೆ ಪುಟ ನೋಡಿದಳು.

“ಇದೇನ್ರೀ, ಅಡ್ಡ ಹಿಡಿದ್ರೆ ನಿಮ್ ಮೆನು ಅರ್ಧ ಸ್ಕ್ರೀನು ಮುಚ್ತದೆ?”

ಪ್ರಿಯಾಂಕಾ ಬಗ್ಗಿ ನೋಡಿದಳು. ಹೌದು, ಮುಚ್ಚುತ್ತಿತ್ತು; ಅಡ್ಡ ಹಿಡಿದ ಫೋನನ್ನು ಪುಟ ಕಂಪ್ಯೂಟರ್ ಎಂದುಕೊಂಡು, ಮಡಚಿದ ಮೆನುವನ್ನು ಬಿಚ್ಚಿಬಿಟ್ಟಿತ್ತು.

“ಒಂದು ಪೆನ್ನು ಕೊಡಿ ಅಕ್ಕ” ಎಂದು ಅಂಗೈ ಚಾಚಿ, ಅಲ್ಲೇ ಬರೆದುಕೊಂಡಳು.