ಎಣ್ಣೆ ಹಚ್ಚದ ತಲೆಯ ಸಾಕ್ಷ್ಯ

ತಲೆಗೆ ಎಣ್ಣೆ ಹಚ್ಚದೆ ಹೊಸಿಲು ದಾಟಿದವನು ನಾನಲ್ಲ. ನಮ್ಮ ತಿಪಟೂರು ಸೀಮೆಯಲ್ಲಿ ಹುಟ್ಟಿದ ಕೂಸಿನ ನೆತ್ತಿಗೆ ಒಮ್ಮೆ ಬಿದ್ದ ಕೊಬ್ಬರಿ ಎಣ್ಣೆ ಆಮೇಲೆ ಆರುವುದೇ ಇಲ್ಲ. ನೆತ್ತಿಯಲ್ಲಿ ಕೂದಲು ಉಳಿದಿರಲಿ, ಉದುರಿರಲಿ, ಎಣ್ಣೆಯ ಸೇವೆಗೆ ಮಾತ್ರ ಲೋಪವಿಲ್ಲ. ನನ್ನದು ಉದುರಿದ ಪಂಗಡದ ನೆತ್ತಿ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಕಾಲದಲ್ಲಿ, ನಾನು ಬೋರ್ಡಿನ ಕಡೆ ತಿರುಗಿದರೆ ಸಾಕು, ಹುಡುಗರು ನನ್ನ ತಲೆಯ ಹೊಳಪಿನಲ್ಲೇ ಹೊನ್ನವಳ್ಳಿ ಬಸ್ಸು ಬಂದದ್ದನ್ನು ನೋಡಿಕೊಳ್ಳುತ್ತಾರೆಂಬ ವದಂತಿಯಿತ್ತು. ಅಂಥ ತಲೆಯನ್ನು ಶಾಂಪೂ ಹಾಕಿ ತಿಕ್ಕಿ, ಹನಿ ಎಣ್ಣೆಯೂ ಸೋಕಿಸದೆ ಬೆಂಗಳೂರಿಗೆ ಕರೆತರಬೇಕೆಂದು ಪೊಲೀಸರು ಅಪ್ಪಣೆ ಮಾಡಿದಾಗ, ನನ್ನ ಮೇಲಿದ್ದ ಕೊಲೆಯ ಅನುಮಾನಕ್ಕಿಂತ ಅದೇ ದೊಡ್ಡ ಅವಮಾನವೆನಿಸಿತು.

ಕೊಲೆ ಎಂದೊಡನೆ ನೀವು ಪುಸ್ತಕ ಮುಚ್ಚಿ ಬಾಗಿಲ ಚಿಲಕ ನೋಡಿಬರಬೇಕಾಗಿಲ್ಲ. ಸತ್ತವನು ನನ್ನ ಗೆಳೆಯ ರಂಗಪ್ಪ, ನಮ್ಮದು ಪಕ್ಕಪಕ್ಕದ ಮನೆ. ನನಗೆ ಮದುವೆಯಾಗಲಿಲ್ಲ, ಅವನಿಗೆ ಮಕ್ಕಳಾಗಲಿಲ್ಲ. ಹಾಗಾಗಿ ನಮ್ಮಿಬ್ಬರ ಸಂಜೆಗಳೂ ಪುರಸೊತ್ತಾಗಿದ್ದವು, ಅವನ ಜಗಲಿಯ ಮೇಲೆ ಚೌಕಾಬಾರದ ಮನೆ ಗೀಚಿಕೊಂಡು ಹುಣಸೆಬೀಜ ಕೆಡವುತ್ತ ಜಗಳವಾಡುವುದು ನಮ್ಮ ಸಂಧ್ಯಾವಂದನೆಯಾಗಿತ್ತು. ಅವನ ಹೆಂಡತಿ ಗೌರಮ್ಮನವರು ನಡುವೆ ಕಾಫಿ ತಂದಿಟ್ಟು, ಇಬ್ಬರಿಗೂ ನಾಚಿಕೆಯಿಲ್ಲವೆಂದು ಹೇಳಿ ಒಳಗೆ ಹೋಗುತ್ತಿದ್ದರು. ಅವನು ತೀರಿಕೊಳ್ಳುವ ಹಿಂದಿನ ಸಂಜೆ, ಆಟದಲ್ಲಿ ಇನ್ನೇನು ಹಣ್ಣಾಗಲಿದ್ದ ನನ್ನ ಕಾಯನ್ನು ಅವನು ಹೊಡೆದಾಗ, ನಿನ್ನ ಕತ್ತು ಮುರಿಯುತ್ತೇನೆಂದು ನಾನು ಬೀದಿಗೆಲ್ಲ ಕೇಳುವಂತೆ ಕೂಗಿದ್ದೆ. ಮೇಷ್ಟರ ಗಂಟಲು, ಮೆತ್ತಗೆ ಕೂಗಿ ಅಭ್ಯಾಸವಿಲ್ಲ.

ಮರುದಿನ ಮಧ್ಯಾಹ್ನ ಗೌರಮ್ಮನವರು ತೋಟಕ್ಕೆ ಹೋಗಿದ್ದರು. ನಾನು ಎಂದಿನಂತೆ ಕರೆಯದೆ ಒಳಹೊಕ್ಕರೆ ರಂಗಪ್ಪ ಅಟ್ಟದ ಏಣಿಯ ಬುಡದಲ್ಲಿ ಬಿದ್ದಿದ್ದ, ಸುತ್ತ ಕಾಯಿಗಳು ಚೆಲ್ಲಿದ್ದವು. ನಮ್ಮಲ್ಲಿ ಉಂಡೆ ಕೊಬ್ಬರಿಗೆಂದು ಬಲಿತ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರು ಇಂಗಿ ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ತಿಂಗಳುಗಟ್ಟಲೆ ಕಾಯುತ್ತೇವೆ. ಅಷ್ಟು ಕಾಲವೂ ಅದಕ್ಕೆ ನೆಲದ ತೇವ ತಾಗಕೂಡದು. ಅಟ್ಟದಿಂದ ಬಿದ್ದ ಕಾಯನ್ನು ನೆಲದಲ್ಲೇ ಬಿಟ್ಟು ದಾಟಿಹೋಗುವ ಮನುಷ್ಯ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನನ್ನ ಕೂಗಿಗೆ ಓಡಿಬಂದ ಅಕ್ಕಪಕ್ಕದವರೊಂದಿಗೆ ಅವನನ್ನು ಜಗಲಿಗೆ ಎತ್ತಿ ತಂದು ಮಲಗಿಸಿದೆವು, ಅತ್ತೆವು, ಅಳುತ್ತಳುತ್ತಲೇ ಒಳಗೆ ಹೋಗಿ ಕಾಯಿಗಳನ್ನೆಲ್ಲ ಆಯ್ದು ಅಟ್ಟಕ್ಕೆ ಸೇರಿಸಿದೆವು. ಯಾರೂ ಯಾರಿಗೂ ಹೇಳಲಿಲ್ಲ, ಕೈಗಳೇ ಮಾಡಿದವು.

ತುರುವೇಕೆರೆಯಲ್ಲಿದ್ದ ರಂಗಪ್ಪನ ತಮ್ಮನಿಗೆ ನನ್ನ ಹಿಂದಿನ ಸಂಜೆಯ ಗರ್ಜನೆಯ ಸುದ್ದಿ ಮುಟ್ಟಿ, ಅವನು ದೂರು ಕೊಟ್ಟ. ತನಿಖೆಗೆ ಬಂದ ಇನ್ಸ್‌ಪೆಕ್ಟರು ತೆಂಗಿನ ಮರ ಅಪರೂಪವಾದ ಉತ್ತರದ ಕಡೆಯವರು. ಕಾಯಿ ನೋಡಲು ಹತ್ತಿದವನು ಜಾರಿ ಬಿದ್ದನೆನ್ನುತ್ತೀರಿ, ಒಂದೇ ಒಂದು ಕಾಯೂ ಕೆಳಗಿಲ್ಲವಲ್ಲ ಎಂದರು. ನಾವು ಕೊಟ್ಟ ವಿವರಣೆಯನ್ನು, ಹೆಣ ಮನೆಯಲ್ಲಿರುವಾಗ ಕೊಬ್ಬರಿ ಕೆಡುತ್ತದೆಂದು ಯೋಚಿಸುವ ಜನ ಎಲ್ಲಾದರೂ ಇದ್ದಾರೆಯೇ ಎಂದು ತಳ್ಳಿಹಾಕಿದರು. ಅವರನ್ನು ಬಯ್ದು ಫಲವಿಲ್ಲ. ಬಾಯಿಬಿಟ್ಟು ಹೇಳಿದಾಗ ನಮಗೂ ಅದು ವಿಚಿತ್ರವಾಗಿಯೇ ಕೇಳಿಸಿತು.

ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ, ಮಿದುಳಿನ ಅಲೆಗಳನ್ನು ಅಳೆದು ಅಪರಾಧಿಯನ್ನು ಹಿಡಿಯುವ ಯಂತ್ರದ ಸುದ್ದಿ ಟಿವಿಯಲ್ಲಿ ಬಂದದ್ದೇ ಬಂದದ್ದು. ಒಪ್ಪುವಿರಾ ಎಂದು ನನ್ನನ್ನು ಕೇಳಿದರು, ಒಪ್ಪಿದೆ. ಜೈಲಿನ ಭಯ ಇರಲಿಲ್ಲವೆಂದರೆ ಸುಳ್ಳು; ಆದರೆ ಅದಕ್ಕಿಂತ ನನ್ನನ್ನು ತಿನ್ನುತ್ತಿದ್ದದ್ದು ಪಕ್ಕದ ಮನೆಯ ಮುಚ್ಚಿದ ಬಾಗಿಲು. ರಂಗಪ್ಪನ ತಮ್ಮ ದೂರು ಕೊಟ್ಟಂದಿನಿಂದ ಗೌರಮ್ಮನವರು ನನ್ನೊಡನೆ ಮಾತಾಡಿರಲಿಲ್ಲ. ಆಕೆ ನನ್ನನ್ನು ನಂಬುತ್ತಾರೋ ಇಲ್ಲವೋ ಎಂಬುದಷ್ಟೇ ನನಗೆ ತಿಳಿಯಬೇಕಾಗಿತ್ತು. ಮನುಷ್ಯನ ಮಾತು ಸಾಲದಾದಾಗ ಯಂತ್ರವಾದರೂ ನನ್ನ ಪರ ಒಂದು ಮಾತು ಹೇಳಲಿ ಎಂಬ ಆಸೆಯಿಂದ, ಒಣಗಿದ ತಲೆ ಹೊತ್ತು ಬಸ್ಸು ಹತ್ತಿದೆ.

ಪ್ರಯೋಗಾಲಯದಲ್ಲಿ ತಲೆಗೆ, ಎಣ್ಣೆ ಸೋಕಿದರೆ ಕೆಲಸ ಮಾಡದ ವೈರುಗಳ ಟೋಪಿ ತೊಡಿಸಿ, ಕಣ್ಣು ಮುಚ್ಚಿ ಸುಮ್ಮನೆ ಕೇಳಿಸಿಕೊಳ್ಳಿ, ಉತ್ತರ ಕೊಡಬೇಡಿ ಎಂದರು. ಮೇಷ್ಟರಿಗೆ ಇದಕ್ಕಿಂತ ಘೋರ ಶಿಕ್ಷೆಯುಂಟೇ? ಬೆಂಗಳೂರಿನ ಹುಡುಗಿಯೊಬ್ಬಳ ದನಿ ನನ್ನ ಬಾಳನ್ನು ನನ್ನದೇ ಬಾಯಿಯೆಂಬಂತೆ ಬಿಡಿಬಿಡಿಯಾಗಿ ಓದತೊಡಗಿತು. ರಂಗಪ್ಪ ನನಗೆ ಗೊತ್ತು. ನಾನು ರಂಗಪ್ಪನೊಡನೆ ಜಗಳವಾಡಿದೆ. ನಾನು ಅಟ್ಟ ಹತ್ತಿದೆ. ನಾನು ಕಾಯಿಗಳನ್ನು ಎತ್ತಿಟ್ಟೆ. ನಾನು ರಂಗಪ್ಪನನ್ನು ತಳ್ಳಿದೆ. ಒಂದೊಂದು ವಾಕ್ಯಕ್ಕೂ ಅವನು ಕಣ್ಣಮುಂದೆ ಬಂದು ನಿಲ್ಲುತ್ತಿದ್ದ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಆ ಕುರ್ಚಿಯಲ್ಲಿ ನನಗೆ ಸುಖವೆನಿಸಿತು. ಅವನು ಸತ್ತ ಮೇಲೆ ಅವನ ಹೆಸರನ್ನು ನನ್ನ ಮುಂದೆ ಅಷ್ಟು ಸಲ ಯಾರೂ ಹೇಳಿರಲಿಲ್ಲ. ನನ್ನ ತಲೆಯೊಳಗೆ ಏನಿದೆಯೆಂದು ಜನ್ಮದಲ್ಲಿ ಯಾರೂ ಅಷ್ಟು ಆಸ್ಥೆಯಿಂದ ವಿಚಾರಿಸಿರಲಿಲ್ಲ.

ಯಂತ್ರ ನನ್ನ ಕೈಬಿಟ್ಟಿತು. ತಳ್ಳಿದೆ ಎಂಬ ಮಾತಿಗೆ ನನ್ನ ಮಿದುಳು, ಸ್ವಂತ ಅನುಭವವೆಂಬಂತೆ ಹೂಂಗುಟ್ಟಿತಂತೆ. ಹೂಂಗುಟ್ಟದೆ ಏನು? ನಾವಿಬ್ಬರೂ ಹುಡುಗರಾಗಿದ್ದಾಗ, ಈಜು ಬಾರದ ಹತ್ತು ವರ್ಷದ ರಂಗಪ್ಪನನ್ನು ಕೆರೆಯ ಏರಿಯಿಂದ ನೀರಿಗೆ ತಳ್ಳಿ, ಹಿಂದೆಯೇ ನಾನೂ ಹಾರಿ, ಜುಟ್ಟು ಹಿಡಿದು ಎಳೆದುತಂದವನು ನಾನೇ. ನೆನಪಿನ ಉಗ್ರಾಣದಲ್ಲಿ ಕೆರೆಯ ಏರಿಗೂ ಅಟ್ಟದ ಏಣಿಗೂ ಬೇರೆ ಬೇರೆ ಗೂಡುಗಳಿಲ್ಲವೆಂದು ಆ ವಿಜ್ಞಾನಿಗಳಿಗೆ ಯಾವ ಬಾಯಿಂದ ಹೇಳಲಿ? ಹೇಳಿದೆ, ಒಂದೊಂದು ವಾಕ್ಯಕ್ಕೂ ಅವನು ಕಣ್ಣಮುಂದೆ ಬಂದದ್ದನ್ನೂ ಹೇಳಿದೆ, ನಕ್ಕರು. ಊರಿಗೆ ನನಗಿಂತ ಮೊದಲೇ ಈ ಸುದ್ದಿಯೆಲ್ಲ ಬಂದಿತ್ತು, ಟೀ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕದ ಜಾಗ ಖಾಲಿಯಾಯಿತು.

ಕೊನೆಗೆ ನನ್ನನ್ನು ಉಳಿಸಿದ್ದು ತಡವಾಗಿ ಬಂದ ಮರಣೋತ್ತರ ಪರೀಕ್ಷೆಯ ವರದಿ. ಏಣಿಯ ಮೇಲಿದ್ದಾಗಲೇ ಅವನ ಹೃದಯ ನಿಂತಿತ್ತು, ಬಿದ್ದದ್ದು ಆಮೇಲೆ. ಕೇಸು ಮುಗಿಯಿತು, ಊರು ಮತ್ತೆ ನಮಸ್ಕಾರ ಹೇಳಿತು, ಬೆಂಚು ತುಂಬಿತು. ಪಕ್ಕದ ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ನಾನೇ ಹೋಗಿ ತಟ್ಟಬಹುದಿತ್ತು. ಅವರು ನನ್ನ ಮುಖ ನೋಡಿ ಒಳಗೆ ಹೋಗಿಬಿಟ್ಟರೆ ಎಂಬ ಭಯಕ್ಕೆ ತಟ್ಟಲಿಲ್ಲ.

ಒಂದು ಸಂಜೆ ಗೌರಮ್ಮನವರೇ ಬಂದು ನನ್ನ ಬಾಗಿಲಲ್ಲಿ ನಿಂತರು. ಇಳಿದುಹೋಗಿದ್ದರು. ನಾನು ಎದ್ದು ನಿಂತೆ. ನಾನು ತಳ್ಳಲಿಲ್ಲ ಎಂದು ಹೇಳಹೊರಟೆ.

“ಕೆರೆಗೆ ತಳ್ಳಿದ್ದು ನಂಗೊತ್ತು ಬುಡಿ ಮೇಷ್ಟ್ರೇ, ಅವ್ರೇ ನೂರ್ ಸಲ ಹೇಳವ್ರೆ,” ಎಂದರು. ನಂಬದೆ ಬಾಗಿಲು ಹಾಕಿಕೊಂಡದ್ದಲ್ಲವಂತೆ; ನನ್ನನ್ನು ಕಂಡರೆ ಪಕ್ಕದಲ್ಲಿ ಗಂಡ ಇಲ್ಲದ್ದು ಕಾಣುತ್ತಿತ್ತಂತೆ. ಸೆರಗಿನ ತುದಿ ಸುತ್ತುತ್ತ, ಕೇಳಲೋ ಬೇಡವೋ ಎಂಬಂತೆ ಕೇಳಿದರು.

“ಆ ಮಿಷನ್ನು ಅವ್ರ ಹೆಸ್ರು ಹೇಳ್ದಾಗ ಅವ್ರು ನಿಮ್ ಕಣ್ಮುಂದೆ ಬಂದ್ರಂತಲ್ಲ. ಹೆಂಗಿದ್ರು? ನಂಗೆ ಆ ಜಗಲಿ ಮ್ಯಾಲೆ ಮಲಗಿಸಿದ್ ಮುಖ ಒಂದೇ ಬತ್ತದೆ ಕಣ್ರೀ, ಬೇರೆ ಯಾವ್ದೂ ಬರಾಕಿಲ್ಲ.”

ಕೂತುಕೊಳ್ಳಿ ಎಂದೆ. ಇದ್ದ ಒಂದೇ ಕುರ್ಚಿಯನ್ನು ಆಕೆಯ ಕಡೆ ಸರಿಸಿ, ನಾನು ಹೊಸಿಲ ಮೇಲೆ ಕೂತು, ಅವನು ಮೋಸದಾಟ ಆಡಿ ಗೆದ್ದಾಗ ನಗುತ್ತಿದ್ದ ಮುಖ ಹೇಗಿತ್ತೆಂದು ಹೇಳತೊಡಗಿದೆ.