ಹಾಲಿನ ಕ್ಯಾನು ಮತ್ತು ಗಾಳಿಯ ಫೋರ್ಕು

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಸೋತದ್ದು ಕಡಿಮೆ. ಮನೆಯಲ್ಲಿ ಅವ್ವನೆದುರು ಗೆದ್ದದ್ದು ಇನ್ನೂ ಕಡಿಮೆ. ಆ ವಾರದ ವಿಷಯ, ನನ್ನ ಮೌಂಟೇನ್ ಬೈಕ್ ಮನೆಯಲ್ಲಿರಬೇಕೋ ಬೇಡವೋ ಎಂಬುದು.

ದಿನಾ ಬೆಳಿಗ್ಗೆ ಹ್ಯಾಂಡಲಿಗೆ ಹಾಲಿನ ಕ್ಯಾನು ನೇತುಹಾಕಿಕೊಂಡು ಕಿರುಗಾವಲಿನ ಡೈರಿಗೆ ಹೋಗುವುದು ನನ್ನ ಕೆಲಸ. ಮೂರು ದಿನದಿಂದ, ಈ ಬೈಕ್ ಬಂದಾಗಿನಿಂದ, ಅರ್ಧ ಹಾಲು ರಸ್ತೆಯ ಪಾಲಾಗುತ್ತಿತ್ತು. ಹಸು ಒದ್ದು ಸೊಟ್ಟಗಾದ ಮುಚ್ಚಳವೇ ಅಪರಾಧಿ ಎಂದು ವಾದಿಸಿದೆ.

“ಇದೇ ಮುಚ್ಚಳ ಕಣಮ್ಮಿ. ನಿಮ್ಮಪ್ಪ ಹಳೇ ಸೈಕಲಲ್ಲಿ ಓಯ್ತಿರ್ನಿಲ್ವಾ? ಒಂದ್ ತೊಟ್ಟು ಚೆಲ್ನಿಲ್ಲ. ನಾಳೀಕೂ ಚೆಲ್ಲುದ್ರೆ ಈ ಸೈಕಲ್ನ ನಿಮ್ಮಾವುಂಗೆ ಕೊಟ್ಬುಡ್ತೀನಿ, ನೋಡ್ತಿರು.”

ನಿಜಕ್ಕೂ ತಪ್ಪು ಫೋರ್ಕಿನದು, ಮುಂದಿನ ಚಕ್ರ ಹಿಡಿದು ರಸ್ತೆಯ ಏಟು ನುಂಗಬೇಕಾದ ಜೋಡಿ ಕೊಳವೆಯದು. ಅದರೊಳಗೆ ಸ್ಪ್ರಿಂಗ್ ಇಲ್ಲ, ಗಾಳಿ ಮಾತ್ರ. ಸೆಕೆಂಡ್ ಹ್ಯಾಂಡ್ ಬೈಕ್ ತಂದ ದಿನವೇ ಪಂಕ್ಚರ್ ಅಂಗಡಿಯವರು ಟ್ರಾಕ್ಟರ್ ಟೈರಿಗೆ ತುಂಬುವ ಪೈಪನ್ನೇ ಅದಕ್ಕೂ ಇಟ್ಟು, ಹ್ಯಾಂಡಲ್ ಮೇಲೆ ಕೈಯೂರಿ, “ಕಲ್ಲಾಗೈತೆ, ಇನ್ ನೋಡಂಗಿಲ್ಲ” ಎಂದಿದ್ದರು. ಗಾಳಿ ಎಂದರೆ ಗಟ್ಟಿಯಿರಬೇಕು, ಅಷ್ಟೇ ಅವರ ಲೆಕ್ಕ. ನಾನೂ ತಲೆಯಾಡಿಸಿದ್ದೆ. ಪ್ರತಿಯೊಂದಕ್ಕೂ ಪುರಾವೆ ಕೇಳುವವಳು ಅಂದೊಂದು ದಿನ ಕೇಳಲಿಲ್ಲ.

ಕಲ್ಲಾದ ಫೋರ್ಕು ಕುಗ್ಗದೆ ಪ್ರತಿ ಗುಂಡಿಯ ಏಟನ್ನೂ ಕ್ಯಾನಿಗೇ ದಾಟಿಸುತ್ತಿತ್ತು. ಮಂಡ್ಯದ ಗೆಳತಿಯಿಂದ ಮೀಟರಿರುವ ಪುಟ್ಟ ಪಂಪು ತಂದೆ. ಗಾಳಿ ಇಳಿಸಿ ಸೀಟಿನ ಮೇಲೆ ಕೂತೆ. ಫೋರ್ಕು ಎಷ್ಟು ಕುಗ್ಗಿತೆಂದು ಅದರ ಕೊಳವೆಯ ಮೇಲಿನ ರಬ್ಬರ್ ಉಂಗುರ ತೋರಿಸುತ್ತದೆ. ಅದು ಕುಗ್ಗಬಲ್ಲ ಪೂರ್ತಿ ಉದ್ದದಲ್ಲಿ ಐದನೇ ಒಂದು ಭಾಗ ಮಾತ್ರ ಕುಗ್ಗಿದರೆ ಸರಿ. ಸ್ಕೇಲು ಹಿಡಿದು ಅಳೆದೆ, ಕರಾರುವಾಕ್ಕು. ನಂತರ ಕ್ಯಾನಿಗೆ ನೀರು ತುಂಬಿ ನೇತುಹಾಕಿ, ಅವ್ವನೆದುರು ಅಂಗಳದ ಕಲ್ಲೊಂದನ್ನು ಹತ್ತಿಸಿ ಇಳಿಸಿದೆ. ಮುಂಭಾಗ ಮುಗ್ಗರಿಸಿ ಮೇಲೆ ಚಿಮ್ಮಿತು. ಅವ್ವನಿಗೆ ಸ್ನಾನ.

ಸೆರಗು ಹಿಂಡುತ್ತಾ ಅವಳು ಕೇಳಿದಳು: “ಅಳೀವಾಗ ಕ್ಯಾನ್ ಎಲ್ಲಿತ್ತು?”

“ಜಗುಲಿ ಮೇಲೆ.”

“ಬರಿಗೈಲಿ ಡೈರಿಗೋಗಿ ಏನ್ ಹುಯ್ದೀಯೆ?”

ಎದುರಾಳಿಯ ವಾದದಲ್ಲಿ ಲೋಪ ಹುಡುಕಿದೆ. ಇರಲಿಲ್ಲ.

ತುಂಬಿದ ಕ್ಯಾನು ನೇತುಹಾಕಿಯೇ ಮತ್ತೆ ಕೂತೆ. ಅವ್ವ ಹಿಂದಿನಿಂದ ಸೀಟು ಹಿಡಿದಳು. ಉಂಗುರ ಸರಿಯಾದ ಜಾಗಕ್ಕೆ ಬರುವವರೆಗೆ ಇನ್ನಷ್ಟು ಗಾಳಿ ತುಂಬಿದೆ. ಕುಗ್ಗಿದ ಫೋರ್ಕು ಚಿಮ್ಮದೆ ನಿಧಾನವಾಗಿ ಏಳಲೆಂದು ಅದರ ಬುಡದ ಕೆಂಪು ತಿರುಪನ್ನು ಎರಡು ಸುತ್ತು ಬಿಗಿ ಮಾಡಿದೆ.

ಮರುದಿನ ಬಸ್ ಸ್ಟಾಪಿನ ಹಂಪನ್ನು ಉಸಿರು ಬಿಗಿಹಿಡಿದು ದಾಟಿದೆ. ನನ್ನ ಸಾಕ್ಷ್ಯ ನಂಬದ ಅವ್ವ ಪಕ್ಕದ ಮನೆಯವರ ಸ್ಕೂಟರ್ ಹತ್ತಿ ನನಗಿಂತ ಮೊದಲೇ ಡೈರಿಗೆ ಬಂದು ನಿಂತಿದ್ದಳು. ತಾನೇ ಮುಚ್ಚಳ ತೆಗೆದಳು. ಹಾಲು ಕತ್ತಿನವರೆಗೂ ಇತ್ತು.

“ಇರ್ಲಿ ಬುಡು ಸೈಕಲ್ಲು” ಎಂದಳು. ನಾನು ವಿಜಯದ ಭಾಷಣಕ್ಕೆ ಬಾಯಿ ತೆರೆಯುವಷ್ಟರಲ್ಲಿ, “ನಾಳೆಯಿಂದ ನಿಮ್ ಚಿಕ್ಕವ್ವನ ಮನೆ ಹಾಲೂ ನೀನೇ ತಕ್ಕೊಂಡೋಗು. ಆ ಕಡೀಕೂ ಒಂದ್ ಕ್ಯಾನ್ ನೇತಾಕು.”

“ತೂಕ ಜಾಸ್ತಿಯಾದ್ರೆ ಮತ್ತೆ ಎಲ್ಲಾ ಅಳೀಬೇಕು ಕಣವ್ವ!”

“ಅಳಿ. ಕಲ್ತಿದ್ದೀಯಲ್ಲ.”