ಏಲಕ್ಕಿ ಪೆಟ್ಟಿಗೆಗೆ ಸಿ ಭಾಷೆ ಕಲಿಸಿದ್ದು

ಇಂಜಿನಿಯರಿಂಗ್ ಮುಗಿಸಿ ಶಿರಸಿಯ ಸಣ್ಣ ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪೊಂದನ್ನು ಸೇರಿದಾಗ ನನ್ನ ಬಗ್ಗೆ ನನಗೇ ಒಳ್ಳೆಯ ಅಭಿಪ್ರಾಯವಿತ್ತು. ಅಲ್ಲಿ ಏಲಕ್ಕಿ ಒಣಗಿಸುವ ಗೂಡುಗಳ ಶಾಖವನ್ನು ಹಿಡಿತದಲ್ಲಿಡುವ ಪೆಟ್ಟಿಗೆ ಮಾಡುತ್ತಿದ್ದರು. ಒಳಗಿನ ಪುಟ್ಟ ಕಂಪ್ಯೂಟರ್ ಚಿಪ್ಪಿಗೆ ಮಾಲಕರು ಅಸೆಂಬ್ಲಿ ಎಂಬ ಯಂತ್ರದ ಭಾಷೆಯಲ್ಲಿ ಒಂದೊಂದೇ ಆದೇಶ ಬರೆಯುತ್ತಿದ್ದರು. ಸಣ್ಣ ಬದಲಾವಣೆಗೂ ದಿನಗಟ್ಟಲೆ ಹಿಡಿಯುತ್ತಿತ್ತು. ದೊಡ್ಡ ಕಂಪ್ಯೂಟರುಗಳನ್ನೇ ನಡೆಸುವ ಸಿ ಭಾಷೆಯನ್ನು ಇದರಲ್ಲಿ ಓಡಿಸಿ ತೋರಿಸುತ್ತೇನೆ ಎಂದೆ. ಯಾರೂ ಕೇಳದೆ ನಾನಾಗಿ ಮಾತಾಡುವುದು ಅಪರೂಪ. ಹಾಗೆ ಆಡಿದ್ದು ಈ ಮಾತನ್ನು.

ಮೊದಲು ಭಾಷೆಯ ಜೊತೆ ಬರುವ ಸಿದ್ಧ ಆದೇಶಗಳ ಲೈಬ್ರರಿಯಿಂದಲೇ ಪರದೆಯ ಮೇಲೆ ಸ್ವಾಗತ ಬರೆಸಿದೆ. ಸ್ವಾಗತಕ್ಕೇ ಚಿಪ್ಪಿನ ಜಾಗ ಮುಗಿದು, ಏಲಕ್ಕಿ ಒಣಗಿಸಲು ಏನೂ ಉಳಿಯಲಿಲ್ಲ. ಬೇಡದ್ದನ್ನೆಲ್ಲ ಕಿತ್ತು ನನ್ನದೇ ಪುಟ್ಟ ಲೈಬ್ರರಿ ಬರೆದೆ. ಶಾಖದ ಲೆಕ್ಕ, ಗುಂಡಿ ಒತ್ತಿದರೆ ಅಂಕಿ ತೋರಿಸುವ ಲೆಕ್ಕ, ಎರಡೂ ಒಟ್ಟಿಗೆ ನಡೆಯವು ಎಂದುಕೊಂಡು ಚಿಪ್ಪಿನಲ್ಲಿ ಒಂದೇ ಜಾಗ ಕೊಟ್ಟೆ. ಈ ಜಿಪುಣತನವನ್ನು ನಾನೇ ಮೆಚ್ಚಿಕೊಂಡೆ.

ನಿಲ್ಕುಂದ ಹಳ್ಳಿಯಲ್ಲಿ ಏಲಕ್ಕಿ ಬೆಳೆಯುವ ಒಬ್ಬ ಅಮ್ಮ ಪೆಟ್ಟಿಗೆ ಕೊಂಡರು. ಏಲಕ್ಕಿಯ ಹಸಿರು ಉಳಿದರಷ್ಟೇ ಅವರಿಗೆ ದರ. ಕೂತಲ್ಲಿಂದಲೇ ಕಾಣಲೆಂದು ಪೆಟ್ಟಿಗೆಯನ್ನು ಜಗುಲಿಯಲ್ಲಿ, ಎಲೆ ಅಡಿಕೆ ಇಡುವ ಕವಳದ ಬಟ್ಟಲಿನ ಮೇಲಿನ ಗೋಡೆಗೆ ಹೊಡೆಸಿದರು. ಮೊದಲ ಸಲ ಗೂಡಿಗೆ ಹಾಕಿದ ಏಲಕ್ಕಿ ಅತಿ ಶಾಖಕ್ಕೆ ಕಂದಿಹೋಯಿತು.

ಬಸ್ಸು ಹತ್ತಿ ಹೋಗಿ ಜಗುಲಿಯಲ್ಲಿ ಕೂತೆ. ಕವಳಕ್ಕೆ ಬಂದವರೆಲ್ಲ ಎಲೆಗೆ ಸುಣ್ಣ ಹಚ್ಚುತ್ತಲೇ ಶಾಖ ಎಷ್ಟಾಯಿತು ಎಂದು ಗುಂಡಿ ಒತ್ತುತ್ತಿದ್ದರು, ಅಂಕಿ ಕಂಡ ಮೇಲೂ ಒತ್ತುತ್ತಿದ್ದರು. ಒತ್ತಿದಾಗಲೆಲ್ಲ ಚಿಪ್ಪು ಶಾಖದ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಗುಂಡಿಯ ಲೆಕ್ಕ ಶುರುಮಾಡುತ್ತಿತ್ತು. ಜಾಗ ಒಂದೇ ಆದ್ದರಿಂದ ಮೊದಲಿನದು ಅಳಿಸಿಹೋಗುತ್ತಿತ್ತು. ಗೂಡು ತಣ್ಣಗಿದೆ ಎಂದುಕೊಂಡ ಹೀಟರ್ ಉರಿಯುತ್ತಲೇ ಇತ್ತು. ವರ್ಕ್‌ಶಾಪಿನಲ್ಲಿ ಪರೀಕ್ಷಿಸಿದ್ದವಳು ನಾನೊಬ್ಬಳೇ. ಯಾರದೋ ಮನೆಗೆ ಬಂದವಳಂತೆ ಒಮ್ಮೆ ಒತ್ತಿ, ಕೈ ಕಟ್ಟಿ ಕಾದಿದ್ದೆ.

"ಕೂಸೆ, ನಿನ್ನ ಪೆಟ್ಟಿಗೆಗೆ ಜನ ಕಂಡ್ರೆ ಆಗ್ತಿಲ್ಯ?" ಎಂದರು ಅಮ್ಮ.

"ಮಾಡಿದವಕ್ಕೂ ಆಗ್ತಿಲ್ಲೆ," ಎಂದೆ. ಅವರು ನಗಲಿಲ್ಲ. ಕಂದಿದ್ದು ಅವರ ಏಲಕ್ಕಿ.

ಮುಂದಿನ ಕೊಯ್ಲಿನೊಳಗೆ ಸರಿಯಾಗದಿದ್ದರೆ ಮತ್ತೆ ಅಸೆಂಬ್ಲಿಯೇ ಎಂದು ಮಾಲಕರು ಹೇಳಿಬಿಟ್ಟರು. ಗುಂಡಿ ಒತ್ತಿದಾಗ ಚಿಪ್ಪು ಅದನ್ನು ನೆನಪಿಟ್ಟುಕೊಂಡರೆ ಸಾಕು, ಕೈಲಿದ್ದ ಕೆಲಸ ಮುಗಿಸಿಯೇ ಓಗೊಡಲಿ ಎಂದು ತಿದ್ದಿದೆ. ಅದು ಸುಲಭವಿತ್ತು. ವರ್ಕ್‌ಶಾಪಿಗೆ ಬಂದ ಅಪರಿಚಿತರ ಹತ್ತಿರ ಹೋಗಿ, ಇದನ್ನು ಮನಸ್ಸಿಗೆ ಬಂದ ಹಾಗೆ ಒತ್ತುತ್ತೀರಾ ಎಂದು ಕೇಳುವಾಗ ಮಾತ್ರ ಬೆವೆತುಹೋದೆ. ಒಬ್ಬರು ಇದೇನು ಓಟಿನ ಮಷಿನ್ನೇ ಎಂದು ವಿಚಾರಿಸಿದರು.

ತಿದ್ದಿದ ಚಿಪ್ಪನ್ನು ಅಮ್ಮನ ಪೆಟ್ಟಿಗೆಗೆ ಹಾಕಿಕೊಟ್ಟ ಮೇಲೆ, ಮುಂದಿನ ಕೊಯ್ಲಿನ ಗೂಡು ತೆರೆಯುವ ದಿನ ಮತ್ತೆ ನಿಲ್ಕುಂದಕ್ಕೆ ಹೋದೆ. ಅಮ್ಮ ಮುಷ್ಟಿ ಏಲಕ್ಕಿಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಜಗುಲಿಯಲ್ಲಿ ಹಿರಿಯರೊಬ್ಬರು ಕವಳ ಜಗಿಯುತ್ತ ಗುಂಡಿ ಒತ್ತುತ್ತಲೇ ಇದ್ದರು. ತಡೆಯಲು ನನ್ನ ಕೈ ತಾನಾಗಿ ಎದ್ದಿತು.

"ಹಸರೇ ಇದ್ದು," ಎಂದರು ಅಮ್ಮ. "ಒತ್ತಲಿ ಬಿಡು."